ನಿಂತ ಜಾಗದಲ್ಲೇ ನೆರವು: ಸಂಘದ ಗಣಕಯಂತ್ರಕ್ಕೆ ಸಹಾಯದ ಪರದೆ

(ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು, ಹಾಲು ಪರೀಕ್ಷಕರು ಮತ್ತು ಸದಸ್ಯರ ಸಭೆಯಲ್ಲಿ ತಂತ್ರಾಂಶ ಬರೆಯುವವರೊಬ್ಬರು ಮಾಡಿದ ಭಾಷಣದ ಪಾಠ)



ಇಂದು ನನಗೆ ಒಪ್ಪಿಸಿರುವ ವಿಷಯದ ಹೆಸರು ಸ್ವಲ್ಪ ಭಾರವಾಗಿದೆ. ಇಂಗ್ಲಿಷಿನಲ್ಲಿ ಅದನ್ನು ‘ಕಾಂಟೆಕ್ಸ್ಟ್ ಸೆನ್ಸಿಟಿವ್ ಹೆಲ್ಪ್’ ಎನ್ನುತ್ತಾರೆ. ನಾನು ಅದನ್ನು ‘ನಿಂತ ಜಾಗದಲ್ಲೇ ನೆರವು’ ಎಂದು ಕರೆಯುತ್ತೇನೆ. ಗಣಕಯಂತ್ರದ ಮುಂದೆ ಕೆಲಸ ಮಾಡುವವರು ಯಾವ ಪರದೆಯಲ್ಲಿ, ಯಾವ ಚೌಕದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೋ ಆ ಚೌಕಕ್ಕೆ ಬೇಕಾದ ಮಾತನ್ನು ಮಾತ್ರ, ಆ ಕ್ಷಣದಲ್ಲೇ, ಯಂತ್ರವೇ ಹೇಳುವ ವ್ಯವಸ್ಥೆ ಇದು. ಇದು ಕಾರ್ಯದರ್ಶಿಗಳಿಗೆ ಸಂಬಂಧಿಸಿದ ವಿಷಯ, ಹಾಲು ಹಾಕುವ ನಮಗೇಕೆ ಎಂದು ಸದಸ್ಯರು ಕೇಳಬಹುದು. ಸಂಬಂಧ ಇದೆ. ಅದು ನೇರವಾಗಿ ತಮ್ಮ ಬಟವಾಡೆಗೆ ಬಂದು ಮುಟ್ಟುತ್ತದೆ.

ಬೆಳಗಿನ ಆರೂವರೆ ಗಂಟೆ ಎಂದುಕೊಳ್ಳಿ. ಸಂಘದ ಬಾಗಿಲಲ್ಲಿ ಇಪ್ಪತ್ತು ಮಂದಿ ಕ್ಯಾನು ಹಿಡಿದು ಸಾಲು ನಿಂತಿದ್ದಾರೆ. ಹಾಲಿನ ಗಾಡಿ ಬರುವ ಹೊತ್ತು ಹತ್ತಿರವಾಗಿದೆ. 47ನೇ ನಂಬರಿನ ಸದಸ್ಯೆಯ ಹಾಲು ತೂಕದ ಪಾತ್ರೆಗೆ ಬಿತ್ತು, ಸ್ಯಾಂಪಲ್ ಪರೀಕ್ಷಾ ಯಂತ್ರಕ್ಕೆ ಹೋಯಿತು. ಜಿಡ್ಡು 2.1 ಎಂದು ಬಂತು. ಅದೇ ಹಸುವಿನ ಹಾಲು ನಿನ್ನೆ ಬೆಳಗ್ಗೆ 4.0 ಇತ್ತು. ಗಣಕಯಂತ್ರ ಈ ಅಂಕಿಯನ್ನು ಒಪ್ಪದೆ ‘ವ್ಯಾಲ್ಯೂ ಔಟ್ ಆಫ್ ರೇಂಜ್’ ಎಂದು ಕೆಂಪು ಅಕ್ಷರದಲ್ಲಿ ತೋರಿಸಿ ನಿಂತುಬಿಟ್ಟಿತು. ಕಾರ್ಯದರ್ಶಿಯವರು ಮದುವೆಗೆಂದು ಪರಊರಿಗೆ ಹೋಗಿದ್ದಾರೆ. ಯಂತ್ರದ ಮುಂದೆ ಕೂತಿರುವುದು ಅವರ ಸಹಾಯಕ ಹುಡುಗ. ಅವನು ಏನು ಮಾಡಬೇಕು?

ಅವನು ಸಾಮಾನ್ಯವಾಗಿ ಏನು ಮಾಡುತ್ತಾನೆ ಎಂಬುದು ತಮಗೂ ಗೊತ್ತು. ಸಾಲು ಮುಂದೆ ಹೋಗಲಿ ಎಂದು 3.5 ಅಂತ ಕೈಯಿಂದಲೇ ಹೊಡೆದುಬಿಡುತ್ತಾನೆ. ಅವನ ಮನಸ್ಸಿನಲ್ಲಿ ಮೋಸವಿಲ್ಲ. ಯಂತ್ರ ಬೇಡವೆಂದಿತು, ಬೇಕಾದ್ದನ್ನು ಅವನು ಕೊಟ್ಟ. ಆದರೆ ಆ ತಾಯಿಯ ಹಾಲು ನಿಜವಾಗಿ 4.0 ಇದ್ದಿದ್ದರೆ ಅವರಿಗೆ ನಷ್ಟ, ನಿಜವಾಗಿ 2.1 ಇದ್ದಿದ್ದರೆ ಸಂಘಕ್ಕೆ, ಎಂದರೆ ಉಳಿದ ಸದಸ್ಯರಿಗೆ ನಷ್ಟ. ಲೀಟರಿಗೆ ಒಂದೇ ರೂಪಾಯಿ ಹೆಚ್ಚುಕಡಿಮೆ ಎಂದಿಟ್ಟುಕೊಂಡರೂ ದಿನಕ್ಕೆ 10 ಲೀಟರ್ ಹಾಕುವ ಮನೆಗೆ ತಿಂಗಳಿಗೆ 300 ರೂಪಾಯಿ. ಒಂದು ದಿನದ ತಪ್ಪು ಸಣ್ಣದಿರಬಹುದು. ಕೈಯಿಂದ ಹೊಡೆಯುವ ಅಭ್ಯಾಸ ಬೆಳೆದರೆ ಅದು ಸಣ್ಣದಾಗಿ ಉಳಿಯುವುದಿಲ್ಲ, ಸಂಘದ ಮೇಲಿನ ನಂಬಿಕೆಯೂ ಉಳಿಯುವುದಿಲ್ಲ.

ಆ ಹುಡುಗ ‘ಸಹಾಯ’ ಗುಂಡಿಯನ್ನು ಒತ್ತಿದ ಎಂದೂ ಇಟ್ಟುಕೊಳ್ಳೋಣ. ಅನೇಕ ತಂತ್ರಾಂಶಗಳಲ್ಲಿ ಆಗ ತೆರೆಯುವುದು ಒಂದು ಪರಿವಿಡಿ. ಮೊದಲ ಅಧ್ಯಾಯ ತಂತ್ರಾಂಶದ ಪರಿಚಯ, ಎರಡನೆಯದು ಅನುಸ್ಥಾಪನೆ, ಹೀಗೆ ಹತ್ತೆಂಟು ಸಾಲು. ಹೊಟ್ಟೆ ಉಬ್ಬರಿಸಿದ ಹಸುವನ್ನು ಮುಂದೆ ನಿಲ್ಲಿಸಿಕೊಂಡು ಪಶುವೈದ್ಯಶಾಸ್ತ್ರದ ಪುಸ್ತಕವನ್ನು ಮೊದಲ ಪುಟದಿಂದ ಓದಿದ ಹಾಗೆ. ಅವನು ಅದನ್ನು ಮುಚ್ಚುತ್ತಾನೆ, ಇನ್ನೆಂದೂ ಆ ಗುಂಡಿಯನ್ನು ಮುಟ್ಟುವುದಿಲ್ಲ.

ಅದರ ಬದಲು ಗುಂಡಿ ಒತ್ತಿದ ಕೂಡಲೇ ಜಿಡ್ಡಿನ ಚೌಕದ ಪಕ್ಕದಲ್ಲಿ ಹೀಗೊಂದು ಮಾತು ಬಂದರೆ: “ಈ ಸದಸ್ಯರ ಹಾಲಿನ ಜಿಡ್ಡು ಹಿಂದಿನ ಸರದಿಗಿಂತ ಬಹಳ ಕಡಿಮೆ ಬಂದಿದೆ. ಅಂಕಿಯನ್ನು ಕೈಯಿಂದ ಬದಲಾಯಿಸಬೇಡಿ. ಪಾತ್ರೆಯಲ್ಲಿರುವ ಹಾಲನ್ನು ಚೆನ್ನಾಗಿ ಕಲಕಿ, ಹೊಸ ಸ್ಯಾಂಪಲ್ ತೆಗೆದು, ನೊರೆ ಇಳಿದ ಮೇಲೆ ಮತ್ತೆ ಪರೀಕ್ಷಿಸಿ. ಎರಡನೇ ಸಲವೂ ಹೀಗೇ ಬಂದರೆ ‘ಮರುಪರೀಕ್ಷೆ’ ಗುಂಡಿ ಒತ್ತಿ, ಬಂದ ಅಂಕಿಯನ್ನೇ ದಾಖಲಿಸಿ ಸದಸ್ಯರಿಗೆ ತೋರಿಸಿ.”

ಇಷ್ಟೇ. ನಾಲ್ಕೈದು ಸಾಲು. ಅರ್ಧ ನಿಮಿಷದಲ್ಲಿ ಓದಿ ಮುಗಿಯುತ್ತದೆ. ಕೆನೆ ಮೇಲೆ ಕಟ್ಟುವುದರಿಂದ ಕಲಕದೆ ತೆಗೆದ ಸ್ಯಾಂಪಲ್ ಸುಳ್ಳು ಹೇಳುತ್ತದೆ, ಆಗತಾನೆ ಕರೆದ ಹಾಲಿನ ಗಾಳಿಗುಳ್ಳೆಗಳು ಪರೀಕ್ಷಾ ಯಂತ್ರವನ್ನು ದಾರಿ ತಪ್ಪಿಸುತ್ತವೆ ಎಂಬುದನ್ನು ಆ ಹುಡುಗ ತರಬೇತಿಯಲ್ಲಿ ಕೇಳಿರಬಹುದು. ಆದರೆ ತರಬೇತಿ ಕೊಟ್ಟ ದಿನ ತೊಂದರೆ ಬರುವುದಿಲ್ಲ, ತೊಂದರೆ ಬಂದ ದಿನ ತರಬೇತಿ ಕೊಟ್ಟವರು ಹತ್ತಿರ ಇರುವುದಿಲ್ಲ.

ಈ ಮಾತನ್ನು ಅಧ್ಯಯನ ಮಾಡಿ ತೋರಿಸಿದವರಿದ್ದಾರೆ. ಅಮೆರಿಕದ ಐಬಿಎಂ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ಜಾನ್ ಕ್ಯಾರಲ್ ಎಂಬುವರು, ಗಣಕಯಂತ್ರ ಕಲಿಯುವವರು ಕೈಪಿಡಿಯನ್ನು ಹೇಗೆ ಬಳಸುತ್ತಾರೆಂದು ಪಕ್ಕದಲ್ಲೇ ಕೂತು ಗಮನಿಸಿದರು. ಜನ ಕೈಪಿಡಿ ಓದಿ ಆಮೇಲೆ ಕೆಲಸಕ್ಕೆ ಇಳಿಯುವುದಿಲ್ಲ. ಕೆಲಸಕ್ಕೆ ಮೊದಲು ಇಳಿದು, ಸಿಕ್ಕಿಕೊಂಡಾಗ ಮಾತ್ರ ಹುಡುಕುತ್ತಾರೆ ಎಂಬುದು ಅವರಿಗೆ ಕಂಡ ಸಂಗತಿ. 1990ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ನ್ಯೂರೆಂಬರ್ಗ್ ಲಾಳಿಕೆ’ ಎಂಬರ್ಥದ್ದು. ತಲೆಗೆ ಲಾಳಿಕೆ ಇಟ್ಟು ವಿದ್ಯೆ ಸುರಿಯುವುದು ಎಂಬ ಒಂದು ಹಳೆಯ ಮಾತು ಜರ್ಮನ್ ನಾಡಿನಲ್ಲಿದೆ. ಹಾಗೆ ಸುರಿದರೆ ಇಳಿಯುವುದಿಲ್ಲ ಎಂಬುದೇ ಆ ಪುಸ್ತಕದ ವಾದ. ಕ್ಯಾನಿಗೆ ಹಾಲು ಸುರಿಯುವ ನಮಗೆ ಇದು ಬೇಗ ಅರ್ಥವಾಗುತ್ತದೆ: ಲಾಳಿಕೆಯ ಬಾಯಿ ಎಷ್ಟೇ ದೊಡ್ಡದಿರಲಿ, ಕೆಳಗಿನ ಕೊಳವೆ ಎಷ್ಟು ಹಿಡಿಸುತ್ತದೋ ಅಷ್ಟೇ ಇಳಿಯುತ್ತದೆ.

ಇನ್ನು ಯಂತ್ರಕ್ಕೆ ನಾವು ನಿಂತ ಜಾಗ ಗೊತ್ತಾಗುವುದು ಹೇಗೆ? ಇದರಲ್ಲಿ ಮಾಯೆ ಏನೂ ಇಲ್ಲ. ಸಂಘದಲ್ಲಿ ಪ್ರತಿ ಸದಸ್ಯರಿಗೂ ಒಂದು ನಂಬರು ಇರುವಂತೆ, ತಂತ್ರಾಂಶದ ಪ್ರತಿ ಪರದೆಗೂ ಪ್ರತಿ ಚೌಕಕ್ಕೂ ಒಂದು ನಂಬರು ಅಥವಾ ಹೆಸರು ಕೊಡುತ್ತೇವೆ. ಸಹಾಯದ ಬರಹಗಳಿಗೂ ಹಾಗೆಯೇ. ನಡುವೆ ಒಂದು ಪಟ್ಟಿ ಇರುತ್ತದೆ: ಈ ಚೌಕಕ್ಕೆ ಈ ಬರಹ. ಗುಂಡಿ ಒತ್ತಿದಾಗ ತಂತ್ರಾಂಶ ಮೊದಲು ನೋಡುವುದು ಕರ್ಸರ್ ಯಾವ ಚೌಕದಲ್ಲಿದೆ ಎಂದು. ಆ ಚೌಕಕ್ಕೆ ಬರಹ ಇದ್ದರೆ ಅದನ್ನು ತೋರಿಸುತ್ತದೆ. ಇಲ್ಲದಿದ್ದರೆ ಆ ಪರದೆಗೆ ಬರೆದದ್ದನ್ನು, ಅದೂ ಇಲ್ಲದಿದ್ದರೆ ಮಾತ್ರ ಪರಿವಿಡಿಯನ್ನು. ಗ್ರಾಮ ಲೆಕ್ಕಿಗರು ಸಿಗದಿದ್ದರೆ ನಾಡಕಚೇರಿ, ಅಲ್ಲಿಯೂ ಆಗದಿದ್ದರೆ ತಾಲ್ಲೂಕು ಕಚೇರಿ ಎಂದು ನಾವು ಓಡಾಡುತ್ತಿದ್ದೆವಲ್ಲ, ಅದೇ ಕ್ರಮ.

ಇದು ಹೊಸ ವಿದ್ಯೆಯೂ ಅಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶದಲ್ಲೇ ಎಫ್-1 ಕೀಲಿ ಒತ್ತಿದರೆ ಮಾಡುತ್ತಿದ್ದ ಕೆಲಸಕ್ಕೆ ತಕ್ಕ ಸಹಾಯ ಬರುತ್ತಿತ್ತು. 1987ರಲ್ಲಿ ಐಬಿಎಂ ಹೊರತಂದ ಪರದೆ ವಿನ್ಯಾಸದ ನಿಯಮಗಳಲ್ಲಿ ಎಫ್-1 ಎಂದರೆ ಸಹಾಯ ಎಂದೇ ಗೊತ್ತುಮಾಡಲಾಯಿತು. 1990ರ ವಿಂಡೋಸ್ 3.0 ಜೊತೆಗೆ ಸಹಾಯದ ಕಡತಗಳನ್ನು ತೋರಿಸುವ ಪ್ರತ್ಯೇಕ ವ್ಯವಸ್ಥೆಯೇ ಬಂತು.

ಇಲ್ಲಿ ನನಗೆ ಇಷ್ಟವಾದ ಒಂದು ಹಳೆಯ ಸಂಗತಿಯನ್ನು ಹೇಳಲೇಬೇಕು. 1980ರ ದಶಕದ ಕೊನೆ ಮತ್ತು 1990ರ ದಶಕದಲ್ಲಿ ನಮ್ಮ ದೇಶದ ಅಂಗಡಿ, ಕಚೇರಿಗಳ ಎಷ್ಟೋ ಲೆಕ್ಕದ ತಂತ್ರಾಂಶಗಳನ್ನು ಕ್ಲಿಪ್ಪರ್ ಎಂಬ ಭಾಷೆಯಲ್ಲಿ ಬರೆಯುತ್ತಿದ್ದರು. ಅದರಲ್ಲಿ ‘ಹೆಲ್ಪ್’ ಎಂಬ ಹೆಸರಿನ ಒಂದು ಭಾಗವನ್ನು ಬರೆದಿಟ್ಟರೆ ಸಾಕು, ಎಫ್-1 ಒತ್ತಿದಾಗ ಯಂತ್ರವೇ ಅದನ್ನು ಕರೆಯುತ್ತಿತ್ತು. ಕರೆಯುವಾಗ ಮೂರು ಸುದ್ದಿಯನ್ನೂ ಕೈಗೆ ಕೊಡುತ್ತಿತ್ತು: ತಂತ್ರಾಂಶದ ಯಾವ ಭಾಗ ನಡೆಯುತ್ತಿದೆ, ಅದರ ಎಷ್ಟನೇ ಸಾಲು, ಬಳಸುವವರು ತುಂಬುತ್ತಿರುವ ಚೌಕದ ಹೆಸರೇನು. ಎಲ್ಲವನ್ನೂ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಆದರೂ ಇದರಲ್ಲೊಂದು ಹಳ್ಳ ಇತ್ತು. ಸಾಲಿನ ಸಂಖ್ಯೆಯನ್ನು ನಂಬಿ ಸಹಾಯ ಜೋಡಿಸಿದರೆ, ನಾಳೆ ಮೇಲೆ ಒಂದು ಸಾಲು ಸೇರಿಸಿದ ಕೂಡಲೇ ಕೆಳಗಿನ ಲೆಕ್ಕವೆಲ್ಲ ಜರುಗಿ, ತೂಕದ ಚೌಕದಲ್ಲಿ ಬಟವಾಡೆಯ ಸಹಾಯ ಬರುತ್ತಿತ್ತು. ಚೌಕದ ಹೆಸರನ್ನು ಹಿಡಿದು ಜೋಡಿಸಿದರೆ ಆ ಕಾಟ ಇಲ್ಲ. ಇಂದಿಗೂ ನಿಯಮ ಅದೇ. ಸಹಾಯವನ್ನು ಕಟ್ಟಬೇಕಾದ್ದು ಬದಲಾಗದ ಗುರುತಿಗೆ. ತೆಗೆದುಹಾಕಿದ ಚೌಕದ ನಂಬರನ್ನು ಹೊಸ ಚೌಕಕ್ಕೆ ಎಂದೂ ಕೊಡಬಾರದು. ಸಂಘ ಬಿಟ್ಟವರ ನಂಬರನ್ನು ಹೊಸ ಸದಸ್ಯರಿಗೆ ಕೊಟ್ಟರೆ ಪಾಸ್ ಪುಸ್ತಕದಲ್ಲಿ ಎಂಥ ರಗಳೆ ಆಗುತ್ತದೆಂದು ಕಾರ್ಯದರ್ಶಿಗಳಿಗೆ ನಾನು ಹೇಳಬೇಕಿಲ್ಲ.

ಜೋಡಣೆ ಸುಲಭದ ಕೆಲಸ. ಕಷ್ಟವಿರುವುದು ಏನು ಬರೆಯಬೇಕು ಎಂಬುದರಲ್ಲಿ. ನಮ್ಮಂಥ ತಂತ್ರಾಂಶದವರು ಕೂತು ಬರೆದರೆ “ಎಸ್‌ಎನ್‌ಎಫ್ ಚೌಕ: ಇಲ್ಲಿ ಎಸ್‌ಎನ್‌ಎಫ್ ನಮೂದಿಸಿ” ಎಂದು ಬರೆಯುತ್ತೇವೆ. ಚೌಕದ ಮೇಲೆ ಇದ್ದದ್ದನ್ನೇ ಮತ್ತೆ ಓದಿ ಹೇಳಿದಂತಾಯಿತು. ಆ ಚೌಕದಲ್ಲಿ ಜನ ನಿಜವಾಗಿ ಕೇಳುವ ಪ್ರಶ್ನೆಯೇ ಬೇರೆ: “ಯಂತ್ರ ಇದನ್ನು ಹೇಗೆ ಲೆಕ್ಕ ಹಾಕಿತು?”

ಲ್ಯಾಕ್ಟೋಮೀಟರ್ ಡಿಗ್ರಿಯಿಂದ ಜಿಡ್ಡೇತರ ಘನಾಂಶ ಕಂಡುಹಿಡಿಯುವ ಸೂತ್ರವನ್ನೇ ನೋಡಿ. ಉಷ್ಣತೆಗೆ ಸರಿಪಡಿಸಿದ ಡಿಗ್ರಿಯನ್ನು 4ರಿಂದ ಭಾಗಿಸಿ, ಅದಕ್ಕೆ ಜಿಡ್ಡಿನ ಒಂದು ಪಾಲನ್ನೂ ಒಂದು ನಿಗದಿತ ಅಂಕಿಯನ್ನೂ ಕೂಡಿಸುತ್ತಾರೆ. ಆದರೆ ಆ ಪಾಲು, ಆ ಅಂಕಿ ಎಲ್ಲ ಕಡೆ ಒಂದೇ ಅಲ್ಲ. ಡಿಗ್ರಿ 28, ಜಿಡ್ಡು 4.0 ಇರುವ ಹಾಲನ್ನು ತೆಗೆದುಕೊಳ್ಳಿ. ಜಿಡ್ಡಿನ 0.25 ಪಾಲು ಮತ್ತು 0.44 ಸೇರಿಸುವ ಸೂತ್ರದಲ್ಲಿ 7 ಕೂಡಿಸು 1 ಕೂಡಿಸು 0.44, ಒಟ್ಟು 8.44 ಬರುತ್ತದೆ. ಜಿಡ್ಡಿನ 0.2 ಪಾಲು ಮತ್ತು 0.36 ಸೇರಿಸುವ ಸೂತ್ರದಲ್ಲಿ 7 ಕೂಡಿಸು 0.8 ಕೂಡಿಸು 0.36, ಒಟ್ಟು 8.16. ಹಾಲು ಅದೇ, ಹಸು ಅದೇ, ಡಿಗ್ರಿ ಅದೇ. ದರ ಪಟ್ಟಿಯಲ್ಲಿ ಮಾತ್ರ ಬೇರೆ ಬೇರೆ ಸಾಲು. ಆದ್ದರಿಂದ ಎಸ್‌ಎನ್‌ಎಫ್ ಚೌಕದ ಸಹಾಯದಲ್ಲಿ ಮೊದಲ ಸಾಲೇ ಹೀಗಿರಬೇಕು: “ಈ ಸಂಘದಲ್ಲಿ ಬಳಸುತ್ತಿರುವ ಸೂತ್ರ ಇದು.” ಕೆಳಗೆ ಆ ದಿನದ, ಆ ಸದಸ್ಯರ ಅಂಕಿಯನ್ನೇ ಹಾಕಿ ಲೆಕ್ಕ ಬಿಡಿಸಿ ತೋರಿಸಬೇಕು. ಯಂತ್ರಕ್ಕೆ ಅದು ಕಷ್ಟವಲ್ಲ, ಅಂಕಿ ಅದರ ಹೊಟ್ಟೆಯಲ್ಲೇ ಇದೆ. ಕೌಂಟರಿನ ಈಚೆ ನಿಂತ ಸದಸ್ಯರು ಕೇಳಿದರೆ ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸುವಂತಿರಬೇಕು. ಕಾರ್ಯದರ್ಶಿಯ ಮೇಲೆ ಸುಮ್ಮಸುಮ್ಮನೆ ಬರುವ ಅನುಮಾನ ಅರ್ಧಕ್ಕರ್ಧ ಅಲ್ಲೇ ತೀರುತ್ತದೆ.

ಸದಸ್ಯರಿಗೆಂದೇ ಬರೆಯಬೇಕಾದ ಸಹಾಯವೂ ಇದೆ. ಜಿಡ್ಡು ಕಡಿಮೆ ಬಂದಾಗ “ನನ್ನ ಹಾಲಿಗೆ ನೀರು ಹಾಕಿಲ್ಲ” ಎಂದು ಜಗಳ ಎದ್ದೇಳುವುದನ್ನು ನೋಡಿದ್ದೇವೆ. ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಕೊನೆಯ ಹಾಲನ್ನು ಕರುವಿಗೆ ಬಿಟ್ಟು ಮೊದಲಿನದನ್ನು ಸಂಘಕ್ಕೆ ತಂದರೆ ನೀರು ಹಾಕದಿದ್ದರೂ ಜಿಡ್ಡು ಇಳಿಯುತ್ತದೆ. ಈ ಎರಡು ವಾಕ್ಯ ರಸೀದಿಯ ಕೆಳಗೋ ಪರದೆಯ ಮೇಲೋ ಆ ಹೊತ್ತಿಗೆ ಬಂದರೆ ಹತ್ತು ಸಭೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ಅಭಿಪ್ರಾಯ.

ಪ್ರಶ್ನೆಗಳನ್ನು ಎಲ್ಲಿಂದ ತರುವುದು? ಊಹಿಸಿ ಬರೆಯುವುದು ಬೇಡ. ಯಂತ್ರದ ಪಕ್ಕ ಒಂದು ನೋಟ್ ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು ಇಡಿ. ದಾರ ಕಟ್ಟದಿದ್ದರೆ ಪೆನ್ನು ಎರಡನೇ ದಿನ ಇರುವುದಿಲ್ಲ. ಒಂದು ಬಟವಾಡೆಯ ಅವಧಿ ಪೂರ್ತಿ, ಯಾರು ಎಲ್ಲಿ ನಿಂತರೂ ಬರೆದಿಡಿ: ತಾರೀಖು, ಬೆಳಗ್ಗೆಯೋ ಸಂಜೆಯೋ, ಯಾವ ಪರದೆ, ಪರದೆ ಏನೆಂದಿತು, ಕೆಲಸ ಮಾಡುತ್ತಿದ್ದವರು ಏನು ಕೇಳಿದರು. ಕೇಳಿದ ಮಾತನ್ನು ಕೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. “ಕರೆಂಟು ಹೋಗಿ ಬಂತು, ಈಗ ತೂಕ ಎರಡು ಸಲ ಬಿದ್ದಿದೆಯೋ ಏನೋ” ಎಂದು ಕೇಳಿದ್ದರೆ ಅದೇ ಸಹಾಯದ ತಲೆಬರಹ. ‘ವಿದ್ಯುತ್ ವ್ಯತ್ಯಯಾನಂತರದ ದತ್ತಾಂಶ ಪರಿಶೀಲನೆ’ ಎಂದು ಬರೆದರೆ ಆ ಹೊತ್ತಿನಲ್ಲಿ ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ನೂರಾರು ಚೌಕಗಳಿರುವ ತಂತ್ರಾಂಶದಲ್ಲೂ ಜನ ಮತ್ತೆ ಮತ್ತೆ ಎಡವುವ ಜಾಗ ಕೆಲವೇ. ಅವಕ್ಕೆ ಮೊದಲು ಬರೆಯಬೇಕು. ಎಲ್ಲವನ್ನೂ ಬರೆದು ಮುಗಿಸಿ ಆಮೇಲೆ ಕೊಡೋಣ ಎಂದು ಕೂತರೆ ಆ ಕೆಲಸ ಮುಗಿಯುವುದಿಲ್ಲ.

ಬರಹದ ಉದ್ದಕ್ಕೆ ನನ್ನ ಅಳತೆ ಒಂದೇ. ಮುಂದಿನ ಕ್ಯಾನು ತಕ್ಕಡಿಗೆ ಏರುವಷ್ಟರಲ್ಲಿ ಓದಿ ಮುಗಿಯಬೇಕು. ಮೊದಲು ಈಗ ಮಾಡಬೇಕಾದ್ದು, ಆಮೇಲೆ ಹಾಗೂ ಆಗದಿದ್ದರೆ ಏನು ಮಾಡಬೇಕು, ಕೊನೆಗೆ ಯಾರಿಗೆ ತಿಳಿಸಬೇಕು. ಕಾರಣ ತಿಳಿಯಬೇಕೆನ್ನುವವರಿಗೆ ‘ಇನ್ನಷ್ಟು’ ಎಂಬ ಗುಂಡಿ ಇರಲಿ. ಸಹಾಯದ ಕಿಟಕಿ ಬಂದಾಗ ತುಂಬುತ್ತಿದ್ದ ಚೌಕವೇ ಮುಚ್ಚಿಹೋಗಬಾರದು. ಸಹಾಯ ಓದಿ ವಾಪಸು ಬಂದಾಗ ಮೊದಲು ಹೊಡೆದಿದ್ದ ತೂಕ ಅಳಿಸಿಹೋಗಿರಬಾರದು. ಒಮ್ಮೆ ಹಾಗಾಯಿತೆಂದರೆ ಆ ಮನುಷ್ಯ ಮತ್ತೆ ಸಹಾಯ ಕೇಳುವ ಧೈರ್ಯ ಮಾಡುವುದಿಲ್ಲ.

ಕರೆಯದೆ ಬರುವ ಸಹಾಯದ ವಿಚಾರದಲ್ಲೂ ಎಚ್ಚರ ಬೇಕು. 1997ರ ಮೈಕ್ರೋಸಾಫ್ಟ್ ಆಫೀಸ್‌ನಲ್ಲಿ ಕಣ್ಣು ಹುಬ್ಬು ಇರುವ ಒಂದು ಕಾಗದದ ಕ್ಲಿಪ್ಪು ತಾನಾಗಿಯೇ ಎದ್ದು ಬಂದು “ಪತ್ರ ಬರೆಯುತ್ತಿದ್ದೀರಿ ಎಂದು ಕಾಣುತ್ತದೆ, ನೆರವು ಬೇಕೆ?” ಎಂಬ ಧಾಟಿಯಲ್ಲಿ ಕೇಳುತ್ತಿತ್ತು. ಜನ ಬೇಸತ್ತರು. 2001ರ ಆವೃತ್ತಿಯಲ್ಲಿ ಅದನ್ನು ಮೊದಲೇ ಆರಿಸಿಟ್ಟು ಕೊಟ್ಟರು, 2007ರ ಆವೃತ್ತಿಯಲ್ಲಿ ತೆಗೆದೇಹಾಕಿದರು. ಹಾಲು ಕರೆಯುವಾಗ ಪಕ್ಕದಲ್ಲಿ ನಿಂತು ಬುದ್ಧಿ ಹೇಳುವವರಿದ್ದರೆ ಹಸು ಸೊರ ಬಿಡುವುದಿಲ್ಲ. ಸಹಾಯ ಕೈಗೆಟಕುವಂತಿರಲಿ, ಮೈಮೇಲೆ ಬೀಳದಿರಲಿ. ಹಣದ ಲೆಕ್ಕ ತಪ್ಪುವ ಕಡೆ ಮಾತ್ರ ಯಂತ್ರ ತಾನಾಗಿಯೇ ಮಾತಾಡಬೇಕು.

ಭಾಷೆಯ ವಿಷಯ. ಸಹಾಯ ಕನ್ನಡದಲ್ಲಿರಬೇಕು ಎಂಬುದಕ್ಕೆ ಈಗ ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಹಿಂದೆ ಒಂದೊಂದು ಕನ್ನಡ ಅಕ್ಷರವಿನ್ಯಾಸಕ್ಕೂ ಅದರದೇ ಸಂಕೇತ ಇತ್ತು. ಅದೇ ವಿನ್ಯಾಸ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು ಕಾಣುತ್ತಿತ್ತು. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು, ಇಂದಿನ ಗಣಕಯಂತ್ರ, ಮೊಬೈಲು ಎಲ್ಲವೂ ಅದನ್ನು ಓದುತ್ತವೆ. ಆದರೆ ಕನ್ನಡ ಎಂದರೆ ನಿಘಂಟಿನ ಕನ್ನಡ ಆಗಬೇಕಿಲ್ಲ. ಸಂಘದಲ್ಲಿ ಫ್ಯಾಟ್, ಡಿಗ್ರಿ, ಸ್ಯಾಂಪಲ್ ಎನ್ನುತ್ತಾರಾದರೆ ಸಹಾಯದಲ್ಲೂ ಅದೇ ಇರಲಿ, ಪರದೆಯ ಮೇಲಿನ ಪದವೂ ಅದೇ ಆಗಿರಲಿ. ಪರದೆಯಲ್ಲಿ ‘ಫ್ಯಾಟ್’, ಸಹಾಯದಲ್ಲಿ ‘ಕೊಬ್ಬಿನಂಶ’, ರಸೀದಿಯಲ್ಲಿ ‘ಜಿಡ್ಡು’ ಎಂದರೆ ಮೂರು ಬೇರೆ ವಸ್ತು ಎಂದು ಹೊಸಬರು ತಿಳಿಯುತ್ತಾರೆ. ಓದಲು ಕಷ್ಟಪಡುವ ಹಿರಿಯರಿಗಾಗಿ ಮೊಬೈಲಿನಲ್ಲಿ ಆ ಚೌಕದ ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿದರೆ ದನಿಯಲ್ಲಿ ಹೇಳುವಂತೆಯೂ ಮಾಡಬಹುದು. ಅದು ನೆಟ್‌ವರ್ಕ್ ಇದ್ದಾಗ ಮಾತ್ರ ಬರುವಂತಿದ್ದರೆ ಪ್ರಯೋಜನವಿಲ್ಲ. ಸಹಾಯ ಯಂತ್ರದೊಳಗೇ ಇರಬೇಕು.

ಕೊನೆಯದಾಗಿ, ಸಹಾಯಕ್ಕೂ ವಯಸ್ಸಾಗುತ್ತದೆ. ವಿಂಡೋಸ್‌ನ ಹಳೆಯ ಸಹಾಯ ವ್ಯವಸ್ಥೆಯನ್ನು 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಆವೃತ್ತಿಯಲ್ಲಿ ಕೈಬಿಟ್ಟಾಗ, ಎಷ್ಟೋ ಹಳೆಯ ತಂತ್ರಾಂಶಗಳು ಓಡುತ್ತಲೇ ಇದ್ದವು, ಅವುಗಳ ಸಹಾಯ ಮಾತ್ರ ತೆರೆಯಲಿಲ್ಲ. ನಮ್ಮಲ್ಲಿ ಅದಕ್ಕಿಂತ ಬೇಗ ಕೆಡುವುದು ದರ ಪಟ್ಟಿ. ದರ ಬದಲಾದ ದಿನ ತಂತ್ರಾಂಶದಲ್ಲಿ ಹೊಸ ದರ ಹಾಕುತ್ತಾರೆ, ಸಹಾಯದಲ್ಲಿ ಹಳೆಯ ಉದಾಹರಣೆ ಉಳಿದುಬಿಡುತ್ತದೆ. ತಪ್ಪು ಹೇಳುವ ಸಹಾಯಕ್ಕಿಂತ ಸಹಾಯವಿಲ್ಲದಿರುವುದೇ ಮೇಲು. ಹಾಗಾಗಿ ಪ್ರತಿ ಸಹಾಯದ ಬರಹದ ಕೆಳಗೆ ಅದನ್ನು ಕೊನೆಯ ಸಲ ನೋಡಿದ ತಾರೀಖು ಇರಬೇಕು. ದರ ಅಥವಾ ಸೂತ್ರ ಬದಲಾದಾಗ ಸಹಾಯ ತಿದ್ದದೆ ಹೊಸ ಆವೃತ್ತಿಯನ್ನು ಸಂಘಕ್ಕೆ ಕಳಿಸಬಾರದು ಎಂದು ಒಪ್ಪಂದದಲ್ಲೇ ಬರೆಯಿರಿ. ತಂತ್ರಾಂಶ ಕೊಡುವವರು ಬಂದಾಗ ಆಡಳಿತ ಮಂಡಳಿಯವರು ಒಂದು ಪರೀಕ್ಷೆ ಮಾಡಬಹುದು, ಗಣಕಯಂತ್ರ ಗೊತ್ತಿರಬೇಕಾಗಿಲ್ಲ. ಹಾಲು ಸ್ವೀಕರಿಸುವ ಪರದೆಯನ್ನು ತೆರೆಸಿ, ಒಂದೊಂದು ಚೌಕದಲ್ಲೂ ನಿಲ್ಲಿಸಿ ಸಹಾಯದ ಗುಂಡಿಯನ್ನು ತಾವೇ ಒತ್ತಿ. ಬಂದ ಮಾತು ಆ ಚೌಕದ್ದೇ ಆಗಿದ್ದು, ತಮಗೆ ಅರ್ಥವಾದರೆ ಒಂದು ಗೆರೆ ಎಳೆಯಿರಿ, ಇಲ್ಲದಿದ್ದರೆ ಸೊನ್ನೆ ಹಾಕಿ. ಸೊನ್ನೆಗಳ ಪಟ್ಟಿಯನ್ನು ಅವರ ಕೈಗೆ ಕೊಟ್ಟು ಆಮೇಲೆ ಹಣದ ಮಾತಾಡಿ. ನನ್ನ ಕಸುಬಿನವರು ಇದನ್ನು ಕೇಳಿ ನನ್ನ ಮೇಲೆ ಮುನಿಸಿಕೊಳ್ಳಬಹುದು, ಪರವಾಗಿಲ್ಲ.

ನಾನು ಹೇಳಿದ ನೋಟ್ ಪುಸ್ತಕವನ್ನು ನಾಳೆ ಬೆಳಗಿನ ಸರದಿಯಿಂದಲೇ ಇಡಬಹುದು. ಈಗ ತಮ್ಮ ಪ್ರಶ್ನೆಗಳಿಗೆ ಸಮಯವಿದೆ. ಹಿಂದಿನ ಸಾಲಿನಲ್ಲಿ ಕೂತಿರುವ ತಾಯಂದಿರಿಂದ ಶುರು ಮಾಡೋಣ. ರಸೀದಿಯಲ್ಲಿ ತಮಗೆ ಅರ್ಥವಾಗದ ಪದ ಯಾವುದೆಂದು ಹೇಳಿ, ಬರೆದುಕೊಳ್ಳುತ್ತೇನೆ.